ಹಸಿರು ದೀಪ, ನೀಲಿ ದೀಪ: ಹೈ-ರೆಸ್ ಸಂಗೀತಕ್ಕೆ ಸುರಿದ ಮೂವತ್ತೊಂದು ಸಾವಿರದ ಲೆಕ್ಕ

ಸಾಸಿವೆ ಕಾಳಿನಷ್ಟಿರುವ ಒಂದು ದೀಪ ನನ್ನ ಮಾನ ಕಳೆಯಿತು. ನಾನು ಹನ್ನೊಂದೂವರೆ ಸಾವಿರ ಕೊಟ್ಟು ತರಿಸಿಕೊಂಡ, ಫೋನಿನ ಡಿಜಿಟಲ್ ಅಂಕಿಗಳನ್ನು ಹೆಡ್‌ಫೋನಿಗೆ ಒಗ್ಗುವ ಅಲೆಯಾಗಿಸುವ, ಹೆಬ್ಬೆರಳಿನ ಗಾತ್ರದ ಡ್ಯಾಕ್ ಎಂಬ ಸಾಧನದ ಮೂಲೆಯಲ್ಲಿ ಅದು ಉರಿಯುತ್ತದೆ. ಸಾಮಾನ್ಯ ಗುಣಮಟ್ಟದ ಸಂಗೀತ ಹರಿಯುತ್ತಿದ್ದರೆ ಹಸಿರು, ಸಿ.ಡಿ.ಗಿಂತ ಸೂಕ್ಷ್ಮವಾಗಿ ದಾಖಲಿಸಿದ ಹೈ-ರೆಸಲ್ಯೂಷನ್, ಅಂದರೆ ಹೈ-ರೆಸ್, ಸಂಗೀತವಾದರೆ ನೀಲಿ. ಈ ವಿಷಯ ಕೈಪಿಡಿಯ ಎರಡನೆಯ ಪುಟದಲ್ಲಿಯೇ ಇತ್ತಂತೆ. ಕೈಪಿಡಿ ಓದುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಎರಡು ವಾರ ನಾನು ಬ್ಯಾಂಕಿನ ಊಟದ ಕೋಣೆಯಲ್ಲಿ ಸಹೋದ್ಯೋಗಿಗಳ ತಲೆ ತಿಂದೆ. "ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸುತ್ತದೆ ಸ್ವಾಮಿ. ಇಷ್ಟು ವರ್ಷ ನಾವು ಕೇಳಿದ್ದು ಸಂಗೀತವೇ ಅಲ್ಲ, ಅದರ ಜೆರಾಕ್ಸ್" ಎಂದೆಲ್ಲ ಕೊಚ್ಚಿಕೊಂಡೆ. ಮೂರನೆಯ ಭಾನುವಾರ ಬೆಳಿಗ್ಗೆ, ಪಿಯುಸಿ ಓದುತ್ತಿರುವ ಮಗಳು ಪಕ್ಕದಲ್ಲಿ ಕುಳಿತವಳು ಕೇಳಿದಳು: "ಅಪ್ಪ, ಇದರ ದೀಪ ಯಾವಾಗಲೂ ಹಸಿರಾಗಿಯೇ ಇರುತ್ತದಲ್ಲ, ನೀಲಿ ಯಾವಾಗ ಆಗುತ್ತದೆ?" ಕೈಪಿಡಿಯನ್ನು ಓದಿದ್ದವಳು ಅವಳು.

ವಿಷಯ ಇಷ್ಟೇ. ನನ್ನ ಆಂಡ್ರಾಯ್ಡ್ ಫೋನು ತನ್ನ ಮೂಲಕ ಹಾದು ಹೋಗುವ ಸದ್ದನ್ನೆಲ್ಲ ಸೆಕೆಂಡಿಗೆ 48,000 ಮಾದರಿಗಳ (ಸದ್ದಿನ ಅಲೆಯನ್ನು ಅಳೆದಿಟ್ಟ ಅಂಕಿಗಳ) ಮಟ್ಟಕ್ಕೆ ತಂದು ಹೊರಗೆ ಬಿಡುತ್ತಿತ್ತು. ಬಹುಪಾಲು ಆಂಡ್ರಾಯ್ಡ್ ಫೋನುಗಳು ಮಾಡುವುದು ಇದನ್ನೇ. ಕಡತ 96,000ದ್ದಿರಲಿ, 1,92,000ದ್ದಿರಲಿ, ಡ್ಯಾಕಿನ ಬಾಗಿಲಿಗೆ ಬರುವಷ್ಟರಲ್ಲಿ ಅದು ಮಾಮೂಲಿ ಸರಕು. ಅಂದರೆ ಎರಡು ವಾರ ನಾನು ಹಾಡಿ ಹೊಗಳಿದ ಹೈ-ರೆಸ್ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಫೋನಿನ ಈ ಕಲಬೆರಕೆಯನ್ನು ತಪ್ಪಿಸಿ ನೇರವಾಗಿ ಡ್ಯಾಕಿಗೆ ಕಳಿಸುವ ಆ್ಯಪ್ ಒಂದಕ್ಕೆ ಮತ್ತೆ ಆರುನೂರು ರೂಪಾಯಿ ಕೊಟ್ಟೆ. ದೀಪ ನೀಲಿಯಾಯಿತು. ಅದೇ ವೀಣೆ, ಅದೇ ಕಲ್ಯಾಣಿ ಹಾಕಿಕೊಂಡು ಕಣ್ಣು ಮುಚ್ಚಿದೆ.

ಅದೇ ವೀಣೆ, ಅದೇ ಕಲ್ಯಾಣಿ.

ಈ ವಿಮರ್ಶೆ ಹುಟ್ಟಿದ್ದು ಆ ಮುಜುಗರದಿಂದ. ಒಟ್ಟು ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಡ್ಯಾಕ್ 11,500. ತಂತಿಯಿರುವ ಹೆಡ್‌ಫೋನ್, ಸೆನ್‌ಹೈಸರ್ ಎಚ್‌ಡಿ 560ಎಸ್, ಹಬ್ಬದ ರಿಯಾಯಿತಿಯಲ್ಲಿ 15,800. ಹೈ-ರೆಸ್ ಕಡತಗಳಾಗಿ ಕೊಂಡು ಇಳಿಸಿಕೊಂಡ ಎರಡು ಆಲ್ಬಮ್‌ಗಳಿಗೆ 3,200. ಆ್ಯಪಿಗೆ 600. ಮೂವತ್ತೊಂದು ಸಾವಿರದ ನೂರು. ಇದರಲ್ಲಿ ಯಾವ ರೂಪಾಯಿ ದುಡಿಯಿತು, ಯಾವುದು ಹೊಳೆಯಲ್ಲಿ ಹುಣಸೆಹಣ್ಣು ತೇಯ್ದಂತಾಯಿತು ಎನ್ನುವುದೇ ಮುಂದಿನ ಕಥೆ.

ನಾನು ಈ ಹಳ್ಳಕ್ಕೆ ಬಿದ್ದದ್ದು ಬೆಂಗಳೂರಿನ ಒಂದು ಆಡಿಯೊ ಮಳಿಗೆಯಲ್ಲಿ. ಹೆಸರು ಬೇಡ. ತಣ್ಣನೆಯ ಕೋಣೆ, ದಪ್ಪ ಜಮಖಾನ, ಮೆತ್ತನೆಯ ಕುರ್ಚಿ. ಮಾರಾಟದ ಹುಡುಗ ಮೊದಲು ಫೋನಿನಿಂದ ಒಂದು ಹಾಡು ಕೇಳಿಸಿದ, ಆಮೇಲೆ ತನ್ನ ಯಂತ್ರದಿಂದ ಅದೇ ಹಾಡಿನ ಹೈ-ರೆಸ್ ರೂಪ. ಎರಡನೆಯದು ದಿವ್ಯವಾಗಿತ್ತು. ಅದು ಒಂದಿಷ್ಟು ಜೋರಾಗಿಯೂ ಇತ್ತು ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ಎರಡು ಸದ್ದುಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಮನುಷ್ಯನ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಚೆನ್ನಾಗಿದೆ ಎನ್ನುತ್ತದೆ. ಅದಕ್ಕೇ ಪ್ರಯೋಗ ಮಾಡುವವರು ಮೊದಲು ಎರಡರ ಮಟ್ಟವನ್ನೂ ಡೆಸಿಬೆಲ್ಲಿನ ಹತ್ತನೆಯ ಒಂದು ಭಾಗದಷ್ಟು ನಿಖರವಾಗಿ ಸಮ ಮಾಡಿಕೊಳ್ಳುತ್ತಾರೆ. ತರಕಾರಿ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನೋಡುವ ನಾವು ಇಲ್ಲಿ ಮುಳ್ಳನ್ನು ಕೇಳುವುದೇ ಇಲ್ಲ.

ಆ ಹುಡುಗ ಒಂದು ಚಿತ್ರವನ್ನೂ ತೋರಿಸಿದ. ಸಿ.ಡಿ.ಯ ಅಲೆ ಮೆಟ್ಟಿಲು ಮೆಟ್ಟಿಲಾಗಿ, ಹೈ-ರೆಸ್ ಅಲೆ ನುಣುಪಾಗಿ. ಈ ಮೆಟ್ಟಿಲಿನ ಚಿತ್ರ ಎಷ್ಟು ಜನರ ಜೇಬು ಕತ್ತರಿಸಿದೆಯೋ. ನನಗೆ ಇದು ಅರ್ಥವಾದದ್ದು ಮನೆಯ ಮುಂದಿನ ಚುಕ್ಕಿ ರಂಗೋಲಿಯಿಂದ. ನನ್ನ ಹೆಂಡತಿ ಮೊದಲು ಚುಕ್ಕಿ ಇಟ್ಟು ಆಮೇಲೆ ಎಳೆ ಸುತ್ತುತ್ತಾಳೆ. ಚುಕ್ಕಿಗಳು ಮೆಟ್ಟಿಲಲ್ಲ, ಎಳೆ ಎಲ್ಲಿ ಬಳುಕಬೇಕೆಂಬುದರ ಗುರುತು. ಡಿಜಿಟಲ್ ಸಂಗೀತದಲ್ಲಿಯೂ ಮಾದರಿಗಳೆಂದರೆ ಚುಕ್ಕಿಗಳು. ಅವುಗಳ ನಡುವೆ ಎಳೆ ಸುತ್ತುವುದು ಡ್ಯಾಕಿನ ಕೆಲಸ. ಒಂದು ಸದ್ದಿನಲ್ಲಿರುವ ಅತ್ಯಂತ ವೇಗದ ಕಂಪನಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಸಲ ಚುಕ್ಕಿ ಇಟ್ಟರೆ ಸಾಕು, ಆ ಚುಕ್ಕಿಗಳ ಮೂಲಕ ಹಾಯಬಲ್ಲ ಎಳೆ ಒಂದೇ ಒಂದು, ಅದು ಮೂಲ ಅಲೆಯೇ. ನೈಕ್ವಿಸ್ಟ್ ಮತ್ತು ಶ್ಯಾನನ್ ಅವರ ಹೆಸರಿನ ಪ್ರಮೇಯ ಹೇಳುವುದು ಇದನ್ನು. ರಂಗೋಲಿಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಹೆಂಡತಿ ಅದೇ ಹದಿನೈದು ಚುಕ್ಕಿಗೆ ದಿನಕ್ಕೊಂದು ಎಳೆ ಸುತ್ತಬಲ್ಲಳು, ಡ್ಯಾಕಿಗೆ ಆ ಸ್ವಾತಂತ್ರ್ಯವಿಲ್ಲ.

1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ.ಗೆ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಇಟ್ಟ ಲೆಕ್ಕ ಸೆಕೆಂಡಿಗೆ 44,100 ಮಾದರಿ, ಒಂದೊಂದು ಮಾದರಿಗೆ 16 ಬಿಟ್. ಅಂದರೆ 22,050 ಹರ್ಟ್ಸ್‌ವರೆಗಿನ ಸದ್ದು ಅದರಲ್ಲಿ ಪೂರ್ತಿಯಾಗಿ ಕೂರುತ್ತದೆ. ಮನುಷ್ಯನ ಕಿವಿಯ ಮೇಲ್ಮಿತಿ 20,000 ಎನ್ನುತ್ತಾರೆ. ಅದೂ ಎಳೆಯ ಕಿವಿಗೆ. ಪಿಟೀಲಿನ ಅತಿ ಎತ್ತರದ ಸ್ವರದ ಮೂಲ ಕಂಪನ ನಾಲ್ಕು ಸಾವಿರವನ್ನೂ ಮುಟ್ಟುವುದಿಲ್ಲ. ಅದರ ಮೇಲಿರುವುದೆಲ್ಲ ನಾದಕ್ಕೆ ಬಣ್ಣ ಕೊಡುವ ಉಪಸ್ವರಗಳು.

ನನ್ನ ಕಿವಿಯ ಮೇಲ್ಮಿತಿ ಎಷ್ಟು? ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ, ಮಗಳು ಕೇಳಿದಳು. ಲ್ಯಾಪ್‌ಟಾಪಿನಲ್ಲಿ ಒಂದು ಶುದ್ಧ ಸ್ವರವನ್ನು ಹಾಕಿ ಸಾವಿರ ಸಾವಿರವಾಗಿ ಏರಿಸುತ್ತ ಹೋದಳು. ಹತ್ತು ಸಾವಿರ, ಸೊಳ್ಳೆಯ ಗುಂಯ್‌ಗಿಂತ ತೆಳುವಾದ ಸದ್ದು. ಹನ್ನೆರಡು ಸಾವಿರ, ಇದೆಯೋ ಇಲ್ಲವೋ ಎನ್ನುವಂತೆ. ಹನ್ನೆರಡೂವರೆಯ ನಂತರ ನಿಶ್ಶಬ್ದ.

"ನಿಲ್ಲಿಸಿಬಿಟ್ಟೆಯಾ?" ಎಂದೆ.

"ಇಲ್ಲಪ್ಪ, ಈಗ ಹದಿನಾರು ಸಾವಿರದಲ್ಲಿದೆ. ನನಗೆ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಗುತ್ತಿದೆ. ನಿನಗೆ ಏನೂ ಇಲ್ಲವಾ?"

ಏನೂ ಇಲ್ಲ. ವಯಸ್ಸು ಐವತ್ತಮೂರು. ಹನ್ನೆರಡೂವರೆ ಸಾವಿರದಲ್ಲಿ ಬಾಗಿಲು ಹಾಕಿಕೊಳ್ಳುವ ಕಿವಿಗೆ ನಾನು 48,000 ಹರ್ಟ್ಸ್‌ವರೆಗೆ ಹಾಡುವ ಕಡತಗಳನ್ನು ದುಡ್ಡು ಕೊಟ್ಟು ತಂದಿದ್ದೆ. ನೆರೆಮನೆಯ ನಾಯಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ದುಡ್ಡಿಗೆ ನ್ಯಾಯ ಸಿಗುತ್ತಿತ್ತು.

ಇನ್ನು ಬಿಟ್‌ನ ವಿಚಾರ. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಎಷ್ಟು ಅಂತರ ಹಿಡಿಸುತ್ತದೆ ಎನ್ನುವುದನ್ನು ಬಿಟ್ ತೀರ್ಮಾನಿಸುತ್ತದೆ. 16 ಬಿಟ್‌ಗೆ ಸುಮಾರು 96 ಡೆಸಿಬೆಲ್, 24 ಬಿಟ್‌ಗೆ ಲೆಕ್ಕದ ಪ್ರಕಾರ 144. ಕುವೆಂಪುನಗರದ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ, ಫ್ಯಾನ್ ನಿಲ್ಲಿಸಿದರೂ, ಮೂವತ್ತು ಡೆಸಿಬೆಲ್ ಸದ್ದು ಎಲ್ಲೂ ಹೋಗುವುದಿಲ್ಲ. ಅದರ ಮೇಲೆ 96 ಏರಿದರೆ ಕಿವಿ ನೋಯುವ ಮಟ್ಟ. ಆ ಅಂತರವನ್ನೇ ನಾನು ಪೂರ್ತಿ ಬಳಸಲಾರೆ, ಇನ್ನು 144 ಯಾರಿಗೆ? ಯಾರಿಗೆ ಎಂದರೆ ಧ್ವನಿಮುದ್ರಣ ಮಾಡುವವರಿಗೆ. ತನಿ ಆವರ್ತನದಲ್ಲಿ ಮೃದಂಗದವರು ಯಾವ ಕ್ಷಣ ತೊಪ್ಪಿಯ ಮೇಲೆ ಕೈಯೆತ್ತಿ ಬಡಿಯುತ್ತಾರೋ ಯಾರಿಗೆ ಗೊತ್ತು. ಆ ಪೆಟ್ಟಿಗೆ ಸದ್ದು ಒಡೆಯದಿರಲೆಂದು ಮಟ್ಟವನ್ನು ತಗ್ಗಿಸಿಯೇ ಇಟ್ಟುಕೊಳ್ಳಬೇಕು. ತಗ್ಗಿಸಿದಾಗ ತಂಬೂರಿ ಗದ್ದಲದಲ್ಲಿ ಮುಳುಗಬಾರದು. 24 ಬಿಟ್ ಅಲ್ಲಿ ಬೇಕೇ ಬೇಕು. ಮದುವೆ ಮನೆಯ ಅಡುಗೆಗೆ ಕೊಪ್ಪರಿಗೆ ಬೇಕು ನಿಜ, ಬಡಿಸಿದ ಮೇಲೆ ನನ್ನ ಎಲೆಯ ಮುಂದೂ ಕೊಪ್ಪರಿಗೆಯೇ ಇರಬೇಕೆಂದು ಹಟ ಹಿಡಿದಿದ್ದೆ ನಾನು.

ಲೆಕ್ಕ ಹೇಳಿದರೆ ಸಂಗೀತಪ್ರಿಯರು ಒಪ್ಪುವುದಿಲ್ಲ. "ಕಿವಿ ಹೇಳಬೇಕು ಸ್ವಾಮಿ, ಲೆಕ್ಕವಲ್ಲ" ಎನ್ನುತ್ತಾರೆ. ಸರಿ, ಕಿವಿಯನ್ನೇ ಕೇಳೋಣ ಎಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಫೂಬಾರ್2000 ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಅದಕ್ಕೆ ಎಬಿಎಕ್ಸ್ ಎಂಬ ಪರೀಕ್ಷೆಯ ಸಲಕರಣೆಯೊಂದು ಸಿಗುತ್ತದೆ. ದುಡ್ಡು ಕೊಟ್ಟು ಕೊಂಡ 24 ಬಿಟ್, 96 ಕಿಲೋಹರ್ಟ್ಸ್‌ನ ವೀಣೆಯ ಕಡತವನ್ನು ಒಂದು ಪ್ರತಿಯಲ್ಲಿ ಸಿ.ಡಿ. ಮಟ್ಟಕ್ಕೆ ಇಳಿಸಿದೆ. ಈಗ ಎ ಎಂದರೆ ಹೈ-ರೆಸ್, ಬಿ ಎಂದರೆ ಸಿ.ಡಿ. ತಂತ್ರಾಂಶ ಅವೆರಡರಲ್ಲಿ ಒಂದನ್ನು ಗುಟ್ಟಾಗಿ ಆರಿಸಿ ಎಕ್ಸ್ ಎಂದು ಮುಂದಿಡುತ್ತದೆ. ಯಾವುದು ಎಂದು ಹೇಳಬೇಕು. ಎಷ್ಟು ಸಲ ಬೇಕಾದರೂ ಹಿಂದೆ ಮುಂದೆ ಕೇಳಬಹುದು, ಹೊತ್ತಿನ ಮಿತಿಯಿಲ್ಲ. ಹದಿನಾರು ಸಲ ಹೇಳಬೇಕೆಂದು ನಿಶ್ಚಯಿಸಿದೆ. ಕಣ್ಣು ಮುಚ್ಚಿ ಊಹಿಸುವವನಿಗೆ ಎಂಟು ಸಿಗುತ್ತದೆ. ಹನ್ನೆರಡು ಅಥವಾ ಹೆಚ್ಚು ಬಂದರೆ ಏನೋ ಕೇಳಿಸುತ್ತಿದೆ ಎನ್ನಬಹುದು, ಏಕೆಂದರೆ ಬರಿಯ ಅದೃಷ್ಟದಿಂದ ಅಷ್ಟು ಬರುವುದು ನೂರಕ್ಕೆ ನಾಲ್ಕು ಸಲ ಮಾತ್ರ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕುಳಿತೆ. ಮೊದಲ ಮೂರು ಸಲ ಆತ್ಮವಿಶ್ವಾಸದಿಂದ ಹೇಳಿದೆ. ಮಂದ್ರದಲ್ಲಿ ಮೀಟಿದ ತಂತಿ ನಿಧಾನವಾಗಿ ಸಾಯುವ ಜಾಗವೊಂದಿತ್ತು, ಆರು ಸೆಕೆಂಡು. ಅಲ್ಲಿಯೇ ವ್ಯತ್ಯಾಸ ಸಿಕ್ಕುತ್ತದೆಂದು ಅದನ್ನೇ ಸುತ್ತಿ ಸುತ್ತಿ ಕೇಳಿದೆ. ಎಂಟನೆಯ ಸುತ್ತಿಗೆ ಬರುವಷ್ಟರಲ್ಲಿ ನಾನು ಕೇಳುತ್ತಿರುವುದು ವೀಣೆಯನ್ನೋ ನನ್ನ ಆಸೆಯನ್ನೋ ತಿಳಿಯದಾಯಿತು. ಎ ಕೇಳಿದಾಗ ಎ ಚೆನ್ನಾಗಿತ್ತು, ಇದೇ ಎ ಎಂದು ಅಂದುಕೊಂಡು ಬಿ ಕೇಳಿದರೆ ಅದೂ ಅಷ್ಟೇ ಚೆನ್ನಾಗಿತ್ತು. ಹೆಂಡತಿ ಕಾಫಿ ತಂದಿಟ್ಟು, "ಮುಖ ಯಾಕೆ ಹಾಗೆ ಮಾಡಿಕೊಂಡಿದ್ದೀರಿ, ಸಂಗೀತ ಕೇಳುತ್ತಿದ್ದೀರೋ ಆಡಿಟ್ ಮಾಡುತ್ತಿದ್ದೀರೋ?" ಎಂದಳು. ಫಲಿತಾಂಶ: ಹದಿನಾರರಲ್ಲಿ ಒಂಬತ್ತು. ಮೊದಲ ಮೂರರಲ್ಲಿ ಎರಡು ತಪ್ಪು. ಹದಿನಾರು ಸಾವಿರ ಹರ್ಟ್ಸ್ ಕೇಳುವ ಮಗಳಿಗೆ ಎಂಟು.

ನನ್ನ ಕಿವಿ ಮುದಿಯಾಯಿತು ಎನ್ನಬಹುದು. ದೊಡ್ಡವರ ಪ್ರಯೋಗಗಳನ್ನೂ ನೋಡಿ. ಮೇಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೈ-ರೆಸ್ ಡಿಸ್ಕ್‌ಗಳ ಸದ್ದನ್ನು ನೇರವಾಗಿಯೂ, ಸಿ.ಡಿ. ಮಟ್ಟದ ಕಿರಿದಾದ ದಾರಿಯಲ್ಲಿ ಹಾಯಿಸಿಯೂ ಕೇಳಿಸಿದ್ದರು. 554 ಸಲ ಕೇಳಿಸಿದ್ದರಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಇನ್ನೊಂದು ಪಕ್ಷಕ್ಕೂ ನ್ಯಾಯ ಮಾಡಬೇಕು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಇಂತಹ ಹದಿನೆಂಟು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸರಿಯುತ್ತರ ಶೇಕಡ 52.3ರಷ್ಟಿತ್ತು. ಮೊದಲೇ ತರಬೇತಿ ಪಡೆದವರಲ್ಲಿ ಅದು ಅರವತ್ತರ ಹತ್ತಿರಕ್ಕೆ ಹೋಗಿತ್ತು. ಅಂದರೆ ಏನೂ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಲಾಗದು. ಅದಕ್ಕೆ ತರಬೇತಿ ಬೇಕು, ಅಂಕಿಅಂಶದ ಸೂಕ್ಷ್ಮದರ್ಶಕವೂ ಬೇಕು. ಸಂಜೆ ಕೆಲಸದಿಂದ ಬಂದು ಕಾಲು ಚಾಚಿ ಯಮನ್ ಕೇಳುವ ನನಗೆ ಆ ಎರಡು ಚಿಲ್ಲರೆ ಶೇಕಡ ಎಂಟಾಣೆಗೂ ಬಾರದು.

ಹಾಗಾದರೆ ಗುಣಮಟ್ಟ ಎನ್ನುವುದೇ ಸುಳ್ಳೇ? ಅಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಹೆಡ್‌ಫೋನಿನಲ್ಲಿ, ಒಂದು ಕಛೇರಿಯ ಧ್ವನಿಮುದ್ರಣವನ್ನು 128 ಕೆಬಿಪಿಎಸ್‌ನ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ನ, ಎಂಪಿ3 ಮಾಡಿ ಸಿ.ಡಿ.ಯ ಪ್ರತಿಯೊಂದಿಗೆ ಪಕ್ಕಕ್ಕಿಟ್ಟೆ. ಹದಿನಾರಕ್ಕೆ ಹದಿನೈದು! ನನ್ನ ಮುದಿ ಕಿವಿಯೇ ಹೇಳಿದ್ದು. ಹೇಗೆ ಸಿಕ್ಕಿಬಿತ್ತು ಎಂದರೆ, ಹಾಡಿನಲ್ಲಿ ಅಲ್ಲ, ಕೃತಿ ಮುಗಿದ ಮೇಲಿನ ಚಪ್ಪಾಳೆಯಲ್ಲಿ. ಚಪ್ಪಾಳೆಯೆಂದರೆ ಸಾವಿರ ಚೂರು ಸದ್ದುಗಳು ಒಟ್ಟಿಗೆ, ಒಂದಕ್ಕೊಂದು ಹೊಂದದಂತೆ. ಎಂಪಿ3ಗೆ ಅಷ್ಟನ್ನು ಹಿಡಿದಿಡಲು ಜಾಗ ಸಾಲದು. ಸಿ.ಡಿ.ಯಲ್ಲಿ ಎಡಗಡೆ ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಅಂಗೈ ಬಗ್ಗಿಸಿ ತಟ್ಟುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎಂಪಿ3ಯಲ್ಲಿ ಸಭೆಯೆಲ್ಲ ಒಂದು ಬಾಣಲೆಯಾಗಿ ಒಗ್ಗರಣೆಯ ಸಾಸಿವೆ ಸಿಡಿದಂತೆ. ಅದಾದ ಮೇಲೆ ಘಟದ ಪೆಟ್ಟನ್ನು ಗಮನಿಸಿದೆ. ಬೆರಳು ತಾಗುವ ಮೊದಲೇ ತೆಳುವಾದ ಒಂದು ಶ್ ಎನ್ನುವ ನೆರಳು ಬರುತ್ತಿತ್ತು. ಒಮ್ಮೆ ಗೊತ್ತಾದ ಮೇಲೆ ಅದು ಬಿಡುವುದಿಲ್ಲ, ಅನ್ನದೊಳಗಿನ ಕಲ್ಲಿನ ಹಾಗೆ.

ಅದನ್ನೇ 320 ಕೆಬಿಪಿಎಸ್‌ಗೆ ಏರಿಸಿದೆ. ಹದಿನಾರಕ್ಕೆ ಹತ್ತು. ನೆರಳು ಮಾಯ, ಸಾಸಿವೆಯೂ ಮಾಯ.

ಇಲ್ಲಿಗೆ ನನ್ನ ಮೆಟ್ಟಿಲು ಸ್ಪಷ್ಟವಾಯಿತು. ಅಗ್ಗದ ಎಂಪಿ3ಯಿಂದ ಒಳ್ಳೆಯ ಎಂಪಿ3ಗೆ ಹತ್ತುವುದು ನಿಜವಾದ ಮೆಟ್ಟಿಲು. ಅಲ್ಲಿಂದ ಸಿ.ಡಿ. ಮಟ್ಟದ ನಷ್ಟವಿಲ್ಲದ ಕಡತಕ್ಕೆ ಹತ್ತುವುದು ಸಣ್ಣ ಮೆಟ್ಟಿಲು, ಕಿವಿಗಿಂತ ಮನಸ್ಸಿನ ನೆಮ್ಮದಿಗೆ. ಸಂಗ್ರಹಿಸಿಡುವವರು ಅದನ್ನೇ ಇಟ್ಟುಕೊಳ್ಳಲಿ, ನಾಳೆ ಬೇರೆ ರೂಪಕ್ಕೆ ಮಾರ್ಪಡಿಸಿದರೂ ಏನೂ ಕಳೆಯುವುದಿಲ್ಲ. ಅದರಾಚೆ ಇರುವುದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಮೆಟ್ಟಿಲು.

ಬರೆದ ಮೆಟ್ಟಿಲಿಗೆ ಜಾಗ ಮಾತ್ರ ನಿಜವಾಗಿಯೂ ಬೇಕು. ಐದು ನಿಮಿಷದ ಹಾಡು, ಕುಗ್ಗಿಸದೆ ಇಟ್ಟರೆ, ಸಿ.ಡಿ. ಮಟ್ಟದಲ್ಲಿ ಸುಮಾರು 53 ಎಂಬಿ. 24 ಬಿಟ್, 192 ಕಿಲೋಹರ್ಟ್ಸ್‌ನಲ್ಲಿ 345 ಎಂಬಿ. 320ರ ಎಂಪಿ3ಯಲ್ಲಿ 12. ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ದೊಡ್ಡವು ಎಷ್ಟೋ ಕುಗ್ಗುತ್ತವೆ, ಆದರೂ ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನವನಿಗೆ ಒಂದು ದೊಡ್ಡ ಖಯಾಲ್ ಮುಗಿಯುವಷ್ಟರಲ್ಲಿ ದಿನದ ಡೇಟಾ ಮುಗಿದ ಸಂದೇಶ ಬರುತ್ತದೆ. ದ್ರುತ್ ಕೇಳಲು ಮರುದಿನದವರೆಗೆ ಕಾಯಬೇಕು.

ಬ್ಲೂಟೂತ್ ಇಯರ್‌ಬಡ್ ಇರುವವರಂತೂ ಈ ಚರ್ಚೆಯಿಂದಲೇ ಹೊರಗೆ. ಸೋನಿಯ ಎಲ್‌ಡ್ಯಾಕ್ ಎಂಬ ಉತ್ತಮ ವ್ಯವಸ್ಥೆಯೂ ಗಾಳಿಯಲ್ಲಿ ಸಾಗಿಸುವುದು ಹೆಚ್ಚೆಂದರೆ 990 ಕೆಬಿಪಿಎಸ್. ಸಿ.ಡಿ.ಗೇ 1,411 ಬೇಕು. ಹಾಗಿದ್ದೂ ಎರಡು ಸಾವಿರ ರೂಪಾಯಿಯ ಇಯರ್‌ಬಡ್ ಡಬ್ಬಿಯ ಮೇಲೆ ಚಿನ್ನದ ಬಣ್ಣದ ಹೈ-ರೆಸ್ ಚೀಟಿ ಅಂಟಿಸಿರುತ್ತಾರೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯಲ್ಲಿ ನಾನೂ ಅಂಥದ್ದನ್ನೇ ಹಾಕಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಹಕ್ಕಿಗಳೂ, ಹುಣಸೂರು ರಸ್ತೆಯ ಬಸ್ಸುಗಳೂ ಪಕ್ಕವಾದ್ಯದಲ್ಲಿರುವಾಗ ಬಿಟ್ ಲೆಕ್ಕ ಹಾಕುವುದು ಹಾಸ್ಯಾಸ್ಪದ.

ಈಗ ಒಂದು ತೊಡಕು. ನಾನು ಕೊಂಡ ಎರಡು ಆಲ್ಬಮ್‌ಗಳಲ್ಲಿ ಒಂದು, ಹಳೆಯ ಟೇಪಿನಿಂದ ಹೊಸದಾಗಿ ಮಾಡಿದ ಹಿಂದೂಸ್ತಾನಿ ಗಾಯನ, ನನ್ನ ಬಳಿ ಇಪ್ಪತ್ತು ವರ್ಷದಿಂದ ಇದ್ದ ಅದರದೇ ಸಿ.ಡಿ.ಗಿಂತ ಎಷ್ಟೋ ಚೆನ್ನಾಗಿತ್ತು. ಮಟ್ಟ ಸಮ ಮಾಡಿಕೊಂಡು ಕೇಳಿದರೂ ಚೆನ್ನಾಗಿತ್ತು. ಸಿ.ಡಿ.ಯಲ್ಲಿ ತಬಲಾ ಮತ್ತು ಗಾಯಕರ ದನಿ ಒಂದೇ ಎತ್ತರಕ್ಕೆ ಒತ್ತರಿಸಿ ಕೂತಿದ್ದವು. ಹೊಸದರಲ್ಲಿ ಗಾಯಕರು ಷಡ್ಜದಲ್ಲಿ ಮೆಲ್ಲಗೆ ಇಳಿದರೆ ನಿಜವಾಗಿ ಇಳಿಯುತ್ತಿದ್ದರು, ಹಿಂದಿನಿಂದ ಹಾರ್ಮೋನಿಯಂ ಒಂದು ಉಸಿರು ತಡವಾಗಿ ಬಂದು ಸೇರಿಕೊಳ್ಳುತ್ತಿತ್ತು. ಅಂದರೆ ಹೈ-ರೆಸ್ ಗೆದ್ದಿತೇ? ಅನುಮಾನ ಪರಿಹಾರಕ್ಕೆ ಆ ಹೊಸ ಕಡತವನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದೆ. ಅಷ್ಟೇ ಚೆನ್ನಾಗಿತ್ತು. ಹಾರ್ಮೋನಿಯಂ ಅದೇ ಉಸಿರಿನಷ್ಟು ತಡ.

ಇದು ನನಗೆ ಈ ಇಡೀ ವ್ಯವಹಾರದಲ್ಲಿ ಸಿಕ್ಕ ಅತ್ಯಂತ ಬೆಲೆಬಾಳುವ ಸಂಗತಿ. ಗೆದ್ದದ್ದು 24 ಬಿಟ್ ಅಲ್ಲ, ಅದನ್ನು ತಯಾರಿಸಿದ ಮನುಷ್ಯ. ಯಾರೋ ಒಬ್ಬರು ಮೂಲ ಟೇಪಿನವರೆಗೆ ಹೋಗಿ, ಸಾವಧಾನವಾಗಿ ಕೂತು, ಎಲ್ಲವನ್ನೂ ಜೋರು ಮಾಡುವ ಚಟಕ್ಕೆ ಬೀಳದೆ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ, ಮಾಡಿದ್ದಾರೆ. ಆ ಕೆಲಸವನ್ನು ಹೈ-ರೆಸ್ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ನಾವು ಡಬ್ಬಿಯನ್ನು ಹೊಗಳುತ್ತೇವೆ. ಆದ್ದರಿಂದ ಕೆಲವೊಮ್ಮೆ ಹೈ-ರೆಸ್ ಆವೃತ್ತಿಯನ್ನು ಕೊಳ್ಳಬೇಕಾಗುತ್ತದೆ, ಆ ಒಳ್ಳೆಯ ಮಾಸ್ಟರ್ ಬೇರೆಲ್ಲೂ ಸಿಗದಿದ್ದರೆ. ಆ 1,600 ರೂಪಾಯಿಗೆ ನನ್ನ ತಕರಾರಿಲ್ಲ.

ಇದರ ತದ್ವಿರುದ್ಧವೂ ಇದೆ. ಮೂರು ನಿಮಿಷ ಚಿಲ್ಲರೆಯ 78 ಆರ್‌ಪಿಎಂ ತಟ್ಟೆಗಳ ಕಾಲದ ಗಾಯನವನ್ನು 192 ಕಿಲೋಹರ್ಟ್ಸ್‌ನಲ್ಲಿ ಮಾರಿದರೆ ಏನು ಬಂತು? 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ ದನಿ ಆ ತಟ್ಟೆಗಳಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ. ಹೆಚ್ಚಿನ ಮಾದರಿಗಳು ಹಿಡಿಯುವುದು ಮುಳ್ಳಿನ ಕರಕರವನ್ನು, ಅತ್ಯುತ್ತಮ ಗುಣಮಟ್ಟದ ಕರಕರ. ಅದನ್ನು ದಾಖಲೆಗಾಗಿ ಹಾಗೆ ಉಳಿಸಿಡುವುದು ಗ್ರಂಥಾಲಯದ ಕೆಲಸ, ಅಲ್ಲಿ ಸರಿ. ಧಾರವಾಡದ ಮಹನೀಯರ ಟೇಪುಗಳಲ್ಲಿಯೂ ಟೇಪಿನ ಸುಸ್ಸೆನ್ನುವ ಸದ್ದೇ 16 ಬಿಟ್‌ನ ತಳಕ್ಕಿಂತ ಮೇಲಿರುತ್ತದೆ. ಮನ್ಸೂರರ ಆ ಕಚಗುಳಿಯಿಡುವ ಲಯದಾಟ ನನ್ನನ್ನು ಹಿಡಿದದ್ದು ನ್ಯಾಷನಲ್ ಪ್ಯಾನಾಸಾನಿಕ್ ಟು-ಇನ್-ಒನ್‌ನಲ್ಲಿ, ಪೆನ್ಸಿಲಿನಿಂದ ಸುತ್ತಿ ಸರಿಮಾಡಿದ ಕ್ಯಾಸೆಟ್‌ನಲ್ಲಿ. ಆಗ ಯಾವ ದೀಪವೂ ಇರಲಿಲ್ಲ.

ಮಾರುಕಟ್ಟೆಗೂ ಬುದ್ಧಿ ಬರುತ್ತಿರುವಂತಿದೆ. 1999ರ ಸೂಪರ್ ಆಡಿಯೊ ಸಿ.ಡಿ. ಎಂಬ ಹೈ-ರೆಸ್ ಡಿಸ್ಕ್ ಜನಸಾಮಾನ್ಯರ ಮನೆಗೆ ಬರಲೇ ಇಲ್ಲ. 2014ರಲ್ಲಿ ಮೆರಿಡಿಯನ್ ಕಂಪನಿ ಎಂಕ್ಯೂಎ ಎಂಬ ಮಡಿಸಿಟ್ಟ ಹೈ-ರೆಸ್ ತಂದಿತು, ಟೈಡಲ್ ಎಂಬ ಅಂತರ್ಜಾಲ ಸಂಗೀತ ಸೇವೆ ಅದನ್ನು ಮೆರೆಸಿತು, 2023ರಲ್ಲಿ ಎಂಕ್ಯೂಎ ಸಂಸ್ಥೆ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈ ಸೇರಿತು, ಟೈಡಲ್ ಫ್ಲ್ಯಾಕ್ ಕಡೆಗೆ ತಿರುಗಿತು. ಆ್ಯಪಲ್ ಮ್ಯೂಸಿಕ್ 2021ರ ಜೂನ್‌ನಿಂದ ನಷ್ಟವಿಲ್ಲದ ಸಂಗೀತವನ್ನೂ ಹೈ-ರೆಸ್ಸನ್ನೂ ಹೆಚ್ಚಿನ ಶುಲ್ಕವಿಲ್ಲದೆ ಕೊಡುತ್ತಿದೆ. 2025ರಲ್ಲಿ ನಷ್ಟವಿಲ್ಲದ ದಾರಿಗೆ ಬಂದ ಸ್ಪಾಟಿಫೈ 24 ಬಿಟ್ 44.1 ಕಿಲೋಹರ್ಟ್ಸ್‌ಗೆ ನಿಂತಿತು, ಅದರಾಚೆ ಹೋಗಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಜಾಣತನ. ಪುಕ್ಕಟೆ ಬಂದರೆ ಬರಲಿ, ಬೇಡವೆನ್ನುವುದಿಲ್ಲ.

ಈಗ ಹೆಡ್‌ಫೋನಿಗೆ ಬರುತ್ತೇನೆ. 15,800 ದುಡಿದಷ್ಟು ಈ ಮನೆಯಲ್ಲಿ ಈಚೆಗೆ ಯಾವ ದುಡ್ಡೂ ದುಡಿದಿಲ್ಲ. ಆ ಎರಡು ವಾರ ನಾನು ಹೊಗಳಿದ್ದು ಸುಳ್ಳಲ್ಲ, ಹೊಗಳಿದ ವಿಳಾಸ ತಪ್ಪು. ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಕೇಳಿಸಿದ್ದು ಇದರಿಂದ. ಇದರ ಹಿಂಬದಿ ಮುಚ್ಚಿಲ್ಲ, ಜಾಲರಿ. ಹಾಗಾಗಿ ಸದ್ದು ತಲೆಯೊಳಗೆ ತುರುಕಿದಂತಿರದೆ ಹೊರಗೆ, ಒಂದು ಮೊಳ ದೂರದಲ್ಲಿ ಹರಡಿಕೊಂಡಂತೆ ಇರುತ್ತದೆ. ನಮ್ಮ ಬೀದಿಯಲ್ಲಿ ವೀಣೆ ಕಲಿಸುವವರೊಬ್ಬರ ಮನೆಯಲ್ಲಿ ಮೂರಡಿ ದೂರ ಕುಳಿತು ಕೇಳಿದ್ದೇನೆ. ಎಡಗೈ ಬೆರಳು ತಂತಿಯ ಮೇಲೆ ಜಾರುವಾಗಿನ ಸಣ್ಣ ಉಜ್ಜು, ಮೆಟ್ಟಿಲಿಗೆ ತಂತಿ ತಾಗುವ ಟಿಕ್, ಗಮಕದ ಕೊನೆಯಲ್ಲಿ ನಾದ ಕುಗ್ಗುತ್ತ ಮರದೊಳಕ್ಕೆ ಇಳಿಯುವುದು. ಈ ಮೂರೂ ಈ ಹೆಡ್‌ಫೋನಿನಲ್ಲಿ ಬರುತ್ತವೆ, ಧ್ವನಿಮುದ್ರಣ ಮಾಡಿದವರು ಮೈಕನ್ನು ಹತ್ತಿರ ಇಟ್ಟಿದ್ದರೆ. ದೀಪ ಹಸಿರಿದ್ದರೂ ಬರುತ್ತವೆ.

ತಕರಾರುಗಳಿಲ್ಲವೆಂದಲ್ಲ. ಹೊಸದರಲ್ಲಿ ತಲೆಯನ್ನು ಇಕ್ಕುಳದಂತೆ ಹಿಡಿಯುತ್ತದೆ, ಕನ್ನಡಕದವರಿಗೆ ಇನ್ನೂ ಕಷ್ಟ. ನಾಲ್ಕು ದಪ್ಪ ಪುಸ್ತಕಗಳಿಗೆ ಸಿಕ್ಕಿಸಿ ಎರಡು ರಾತ್ರಿ ಇಟ್ಟ ಮೇಲೆ ದಾರಿಗೆ ಬಂತು. ತಂತಿ ಮೂರು ಮೀಟರ್, ಫ್ಯಾನಿನ ಸ್ವಿಚ್ ಹಾಕಲು ಎದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಿಂಬದಿ ತೆರೆದಿರುವುದರಿಂದ ಒಳಗಿನ ಸದ್ದು ಹೊರಗೆ, ಹೊರಗಿನ ಸದ್ದು ಒಳಗೆ. ಪಕ್ಕದಲ್ಲಿ ಮಲಗಿದವರಿಗೆ ಮಾಲಕೌಂಸ್ ತೆಳುವಾಗಿ, ಇರುವೆಗಳು ಹಾಡಿದಂತೆ ಕೇಳಿಸುತ್ತದಂತೆ. ಬಸ್ಸಿಗೆ, ಕಚೇರಿಗೆ ಇದು ಆಗದು.

ಡ್ಯಾಕ್ ಬೇಡವೇ ಎಂದರೆ, ಈಗಿನ ಫೋನುಗಳಲ್ಲಿ ಹೆಡ್‌ಫೋನ್ ತೂತು ಇಲ್ಲದಿರುವುದರಿಂದ ಏನೋ ಒಂದು ಬೇಕೇ ಬೇಕು. ಸಾವಿರದ ಇನ್ನೂರು ರೂಪಾಯಿಯ ಸಾದಾ ಯುಎಸ್‌ಬಿ ಡಾಂಗಲ್ ಒಂದನ್ನು ತಂದು ಹನ್ನೊಂದೂವರೆ ಸಾವಿರದ್ದರ ಪಕ್ಕದಲ್ಲಿಟ್ಟೆ. ಎರಡರ ಮಟ್ಟವನ್ನೂ ಸಾಧ್ಯವಾದಷ್ಟು ಸಮ ಮಾಡಿ, ಮಗಳ ಕೈಯಲ್ಲಿ ಬದಲಾಯಿಸಲು ಹೇಳಿ, ಕಣ್ಣಿಗೆ ಟವೆಲ್ ಕಟ್ಟಿಕೊಂಡೆ. ಸಾದಾದ್ದರಲ್ಲಿ ಧ್ವನಿಯನ್ನು ನಾಲ್ಕು ಗೆರೆ ಮೇಲೇರಿಸಬೇಕು, ಅಷ್ಟೇ. ಉಳಿದದ್ದು ನನಗೆ ಗೊತ್ತಾಗಲಿಲ್ಲ. ದೀಪ ಅದಕ್ಕಿಲ್ಲ, ಅದೊಂದು ನೆಮ್ಮದಿ.

ಹಾಗಾಗಿ ದೊಡ್ಡ ಡ್ಯಾಕನ್ನು ಮಾರುವುದೆಂದು ತೀರ್ಮಾನಿಸಿದೆ. ಊಟದ ಕೋಣೆಯಲ್ಲಿ ನನ್ನ ಹೊಗಳಿಕೆಯನ್ನು ಅತ್ಯಂತ ಶ್ರದ್ಧೆಯಿಂದ ಕೇಳಿದ್ದ ಸಹೋದ್ಯೋಗಿಯೊಬ್ಬರು ಏಳು ಸಾವಿರಕ್ಕೆ ಮುಂದೆ ಬಂದರು. ಮುಚ್ಚುಮರೆ ಮಾಡಲಿಲ್ಲ. ಹದಿನಾರಕ್ಕೆ ಒಂಬತ್ತು ಬಂದದ್ದು, ಟವೆಲ್ ಕಟ್ಟಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಆ ಆರುನೂರು ರೂಪಾಯಿಯ ಆ್ಯಪ್ ಹಾಕದಿದ್ದರೆ ಇದು ಸುಮ್ಮನೆ ಕೂರುತ್ತದೆ ಎಂದು ಅದರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. "ಅದೆಲ್ಲ ಇರಲಿ ಬಿಡಿ" ಎಂದು ಜೇಬಿಗಿಳಿಸಿದರು.

ಸೋಮವಾರ ಕಚೇರಿಗೆ ಬಂದವರೇ ನನ್ನ ಮೇಜಿಗೆ ನೇರವಾಗಿ ಬಂದರು. "ಸ್ವಾಮಿ, ನೀವು ಮೊದಲು ಕಿವಿಯ ಡಾಕ್ಟರಿಗೆ ತೋರಿಸಿಕೊಳ್ಳಿ. ಏನು ಸ್ಪಷ್ಟ, ಏನು ಸ್ಪಷ್ಟ! ತಂಬೂರಿಯ ನಾಲ್ಕು ತಂತಿ ನಾಲ್ಕು ಕಡೆಯಿಂದ ಬರುತ್ತಿವೆ."

"ಸಂತೋಷ" ಎಂದೆ. "ದೀಪ ಯಾವ ಬಣ್ಣದಲ್ಲಿತ್ತು?"

"ಯಾವ ದೀಪ?" ಎಂದರು.